ಜಪಾನಿನ 'ಹಾಯ್' ಮತ್ತು ನಮ್ಮ 'ಹೌದು'

ಜಪಾನಿನಲ್ಲಿ ನೆಲೆಸಿ ವ್ಯವಹರಿಸುವ ಉದ್ಯಮಿಯು ಸಾಮಾನ್ಯವಾಗಿ ಮೊದಲು ಎಡವುವುದು 'ಹಾಯ್' ಎಂಬ ಪದದಲ್ಲಿ. ನಿಘಂಟಿನಲ್ಲಿ ಅದರ ಅರ್ಥ 'ಹೌದು'. ಮಾತುಕತೆಯಲ್ಲಿ ಅನೇಕ ವೇಳೆ ಅದು 'ತಾವು ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದೇನೆ' ಎಂಬುದಷ್ಟೇ. ದರಪಟ್ಟಿಯ ಪ್ರತಿ ಸಾಲಿಗೂ ಬಂದ 'ಹಾಯ್' ಅನ್ನು ಒಪ್ಪಿಗೆಯೆಂದು ಭಾವಿಸಿ ಸಾಲ ತಂದು ಕಚ್ಚಾಮಾಲು ಖರೀದಿಸಿದ ತಯಾರಕನು ಬರಿದೇ ಬಡ್ಡಿ ತೆರಬೇಕಾದೀತು. ನಿರಾಕರಣೆಯೂ ನೇರವಾಗಿ ಬರುವುದು ವಿರಳ. 'ತುಸು ಕಷ್ಟ' ಎಂಬರ್ಥದ 'ಚೊತ್ತೊ ಮುಜುಕಾಶೀ' ಎಂಬ ನುಡಿ ಕೇಳಿಬಂದರೆ ಆ ಪ್ರಸ್ತಾಪವು ಬಹುತೇಕ ಮುಗಿದಂತೆಯೇ. ಅದನ್ನು ಚೌಕಾಸಿಗೆ ಆಹ್ವಾನವೆಂದು ತಿಳಿದು ದರ ಇಳಿಸುವುದು ವ್ಯರ್ಥ.

ಒಪ್ಪಿಗೆಯು ರೂಪುಗೊಳ್ಳುವುದು ಸಭೆಗೆ ಮುನ್ನವೇ. ಇದಕ್ಕೆ 'ನೆಮವಾಶಿ' ಎಂದು ಹೆಸರು; ಮರವನ್ನು ಬೇರೆಡೆಗೆ ಸ್ಥಳಾಂತರಿಸುವ ಮೊದಲು ಅದರ ಬೇರುಗಳನ್ನು ಸಿದ್ಧಗೊಳಿಸುವ ತೋಟಗಾರಿಕೆಯ ಪದವಿದು. ಸಂಬಂಧಪಟ್ಟವರೊಡನೆ ಪ್ರತ್ಯೇಕವಾಗಿ ಸಮಾಲೋಚನೆ ನಡೆದ ಬಳಿಕ 'ರಿಂಗಿಶೊ' ಎಂಬ ಪ್ರಸ್ತಾವಪತ್ರವು ಕೆಳಹಂತದಿಂದ ಮೇಲಕ್ಕೆ ಮುದ್ರೆಗಳನ್ನು ಪಡೆಯುತ್ತ ಸಾಗುತ್ತದೆ. 2020ರ ನಂತರ ಹಲವೆಡೆ ಮುದ್ರೆಯ ಸ್ಥಾನಕ್ಕೆ ವಿದ್ಯುನ್ಮಾನ ಅನುಮೋದನೆ ಬಂದಿದ್ದರೂ ಕ್ರಮ ಅದೇ. ನಮ್ಮವರು ಈ ವಿಳಂಬವನ್ನು ನಿರಾಸಕ್ತಿಯೆಂದು ಎಣಿಸಿ, ನೇರವಾಗಿ ಹಿರಿಯ ಅಧಿಕಾರಿಗೇ ಪತ್ರ ಬರೆಯುವುದುಂಟು. ಕೆಲಸ ಕೆಡುವುದು ಅಲ್ಲಿಯೇ. ಕೆಲ ವರ್ಷ ಅಲ್ಲಿ ಬಾಳಿದವರು ಸಭೆಯ ಕೊನೆಯಲ್ಲಿ 'ಒಪ್ಪಿದಿರಾ?' ಎಂದು ಕೇಳುವುದಿಲ್ಲ. 'ಇನ್ನು ಯಾರಿಗೆ ಯಾವ ವಿವರ ಒದಗಿಸಬೇಕು?' ಎಂದು ಕೇಳುತ್ತಾರೆ.