ರೆಸ್ಯೂಮೆಯ ಮೊದಲ ಮೂರು ಸಾಲು: ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ



ಅಂತಿಮ ವರ್ಷದವರು ವಿದ್ಯಾರ್ಥಿವೇತನದ ಅರ್ಜಿಯ ಜೊತೆ ರೆಸ್ಯೂಮೆಯನ್ನೂ ಲಗತ್ತಿಸಬೇಕೆಂದು ಈ ಸಲ ನಾವು ಕೇಳಿದ್ದೆವು. ಬಂದವುಗಳನ್ನು ಓದಲು ಕುಳಿತಾಗ ಒಂದು ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಿತು. ಐಟಿಐ ಆಗಲಿ, ಬಿ.ಕಾಂ. ಆಗಲಿ, ಬಿಸಿಎ ಆಗಲಿ, ಬಹುತೇಕರ ಮೊದಲ ಸಾಲು ಒಂದೇ: ‘ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಪಡೆದು ನನ್ನ ಪ್ರತಿಭೆಯನ್ನು ಸಂಸ್ಥೆಯ ಏಳಿಗೆಗೆ ಬಳಸುವುದು.’ ಡಿಟಿಪಿ ಅಂಗಡಿಯವರು ಹಳೆಯ ಫೈಲಿನಲ್ಲಿ ಹೆಸರು ಬದಲಿಸಿ ಕೊಟ್ಟದ್ದು ಎದ್ದು ಕಾಣುತ್ತದೆ. ಇದು ನಿಮಗೆ ಏನು ಬೇಕು ಎಂದು ಹೇಳುತ್ತದೆ. ಕೆಲಸ ಕೊಡುವವರಿಗೆ ಬೇಕಾದದ್ದು ನಿಮಗೆ ಏನು ಬರುತ್ತದೆ ಎಂಬುದು.

ಒಬ್ಬ ಬಿ.ಕಾಂ. ವಿದ್ಯಾರ್ಥಿನಿಯನ್ನು ಕರೆಸಿ ಮಾತಾಡಿದೆವು. ದುರ್ಗದ ಬೈಲ್‌ನಲ್ಲಿ ಮಾವನ ಬಟ್ಟೆ ಅಂಗಡಿ. ಎರಡು ವರ್ಷದಿಂದ ಸಂಜೆ ಅಲ್ಲಿ ಬಿಲ್ ಬರೆದು, ಟ್ಯಾಲಿಯಲ್ಲಿ ಎಂಟ್ರಿ ಮಾಡಿ, ಜಿಎಸ್‌ಟಿ ರಿಟರ್ನ್‌ಗೆ ಕಾಗದ ಹೊಂದಿಸಿ ಕೊಡುತ್ತಾಳೆ. ರಂಜಾನ್ ತಿಂಗಳಲ್ಲಿ ರಾತ್ರಿ ಹನ್ನೊಂದರವರೆಗೂ ಕ್ಯಾಶ್ ಅವಳದೇ. ರೆಸ್ಯೂಮೆಯಲ್ಲಿ ಇದರ ಒಂದಕ್ಷರವೂ ಇಲ್ಲ. ಕೇಳಿದರೆ, ‘ಅದು ಮನಿ ಕೆಲಸ ಸರ್, ಅದನ್ನ ಯಾಕ ಬರೀಬೇಕು?’ ಎಂದಳು. ಅದನ್ನೇ ಬರೆಯಬೇಕು! ಅವಳೊಂದಿಗೆ ಕುಳಿತು ಬರೆದದ್ದು ಹೀಗಿದೆ:

‘ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿನಿ. ಬಟ್ಟೆ ಅಂಗಡಿಯಲ್ಲಿ ಎರಡು ವರ್ಷ ಬಿಲ್ಲಿಂಗ್, ಟ್ಯಾಲಿ ಎಂಟ್ರಿ ಹಾಗೂ ಜಿಎಸ್‌ಟಿ ದಾಖಲೆ ಸಿದ್ಧಪಡಿಸಿದ ಅನುಭವ. ಕನ್ನಡ, ಉರ್ದು, ಹಿಂದಿಯಲ್ಲಿ ಗ್ರಾಹಕರೊಡನೆ ವ್ಯವಹರಿಸಬಲ್ಲೆ; ಅಕೌಂಟ್ಸ್ ಸಹಾಯಕಿ ಹುದ್ದೆಗೆ ಅರ್ಜಿ.’

ನೀವು ಯಾರು, ಕೈಯಿಂದ ಏನು ಮಾಡಿದ್ದೀರಿ, ಯಾವ ಹುದ್ದೆ ಬೇಕು. ಇಷ್ಟೇ. ‘ಕಠಿಣ ಪರಿಶ್ರಮಿ’, ‘ಪ್ರಾಮಾಣಿಕ’ ಎಂಬ ಪದಗಳನ್ನು ಬಿಡಿ. ಎಲ್ಲರೂ ಬರೆಯುವುದರಿಂದ ಅವು ಸವೆದುಹೋಗಿವೆ. ‘ನಾನು’ ಎಂದು ಆರಂಭಿಸುವುದೂ ಬೇಡ. ತಂದೆಯ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದ ಡಿಪ್ಲೊಮಾ ಹುಡುಗನೂ ಅದನ್ನೇ ಮುಂದಿಡಲಿ.

ಹುದ್ದೆ ಬದಲಾದರೆ ಈ ಸಾಲುಗಳೂ ಬದಲಾಗಬೇಕು. ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಕಳಿಸುವಾಗ ಯಂತ್ರದ ಕೆಲಸ ಮೊದಲು ಬರಲಿ, ಗೋಕುಲ ರಸ್ತೆಯ ಶೋರೂಮಿಗೆ ಕಳಿಸುವಾಗ ಗ್ರಾಹಕರ ಜೊತೆಗಿನ ಅನುಭವ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್ ಅರ್ಜಿಗೆ ಮಾತ್ರ ಈ ಶ್ರಮ ಬೇಕಿಲ್ಲ. ಅಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ ಪಟ್ಟಿ ಆಗುತ್ತದೆ.

ಬಾರದ್ದನ್ನು ಬರೆಯಬೇಡಿ. ‘ಅಡ್ವಾನ್ಸ್ಡ್ ಎಕ್ಸೆಲ್’ ಎಂದು ಬರೆದರೆ ಸಂದರ್ಶನದಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟು ಮಾಡಿ ತೋರಿಸು ಎನ್ನಬಹುದು. ಇಂಗ್ಲಿಷ್‌ನಲ್ಲಿ ಬರೆಯಲು ತೊಡಕಾದರೆ ಮೊದಲು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದು ತನ್ನಿ. ಅರ್ಜಿ ಪರಿಶೀಲನೆಯ ದಿನ ನಮ್ಮ ಕಚೇರಿಯಲ್ಲಿ ಕೂತು ಜೊತೆಯಾಗಿ ತಿದ್ದೋಣ. ಹಳೆಯ ಪ್ರತಿಯನ್ನೂ ಜೊತೆಗೆ ತರಬೇಕು.