ತಬಲಾ ಶಿಕ್ಷಣ ಮತ್ತು ವಿದೇಶಿ ಶಿಷ್ಯ

ಭರತಮುನಿಯ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಚರ್ಮದ ಮುಚ್ಚಿಗೆಯುಳ್ಳ ಮೃದಂಗ, ಪಖವಾಜ್, ತಬಲಾ ಮುಂತಾದವು ಅವನದ್ಧ ವರ್ಗಕ್ಕೆ ಸೇರಿದವು. ಇವುಗಳನ್ನು ಅಭ್ಯಸಿಸಲೆಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅನೇಕ ಪಾಶ್ಚಾತ್ಯರು ಭಾರತಕ್ಕೆ ಬಂದರು. ಅವರು ಕಲಿತ ಬಗೆಯನ್ನು ಪರಿಶೀಲಿಸಿದರೆ, ಚಿರಪರಿಚಿತವೆಂದು ನಾವು ಗಮನಿಸದೆ ಬಿಟ್ಟ ಗುರುಶಿಷ್ಯ ಪದ್ಧತಿಯ ಸ್ವರೂಪವು ಸ್ಪಷ್ಟವಾಗುತ್ತದೆ.

ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಶಿಕ್ಷಣ ಪಡೆದವನು ಕಾಗದದ ಮೇಲಿನ ಲಿಪಿಯನ್ನು ಓದಿ ನುಡಿಸುವುದಕ್ಕೆ ಒಗ್ಗಿರುತ್ತಾನೆ. ತಬಲಾ ಗುರುವಿನ ಮುಂದಾದರೋ ಮೊದಲು ಪಳಗಬೇಕಾದುದು ನಾಲಗೆ. ಧಾ, ಧಿನ್, ತಿರಕಿಟ ಮೊದಲಾದ ಬೋಲುಗಳನ್ನು ಕೈಯಿಂದ ತಾಳ ಹಾಕುತ್ತ ಬಾಯಲ್ಲಿ ನುಡಿದು, ಅನಂತರ ಬೆರಳಿಗೆ ಇಳಿಸಬೇಕು. ಬಲಗೈಯ ‘ನಾ’ ಮತ್ತು ಎಡಗೈಯ ‘ಗೇ’ ಒಂದೇ ಕಾಲಕ್ಕೆ ನುಡಿದಾಗ ‘ಧಾ’ ಆಗುತ್ತದೆ. ಆದರೆ ಒಂದು ಬೋಲಿಗೆ ಒಂದೇ ಪೆಟ್ಟು ಎಂಬ ನಿಯಮವಿಲ್ಲ. ‘ನಾ’, ‘ತಾ’ ಎಂಬ ಎರಡು ಹೆಸರುಗಳು ಅನೇಕ ವೇಳೆ ಒಂದೇ ಪೆಟ್ಟನ್ನು ಸೂಚಿಸುತ್ತವೆ. ಒಂದೇ ಬೋಲನ್ನು ಬೇರೆ ಬೇರೆ ಘರಾಣೆಗಳು ಬೇರೆ ಬೇರೆ ಬೆರಳುಗಳಿಂದ ನುಡಿಸುವುದೂ ಉಂಟು. ಟಿಪ್ಪಣಿ ಪುಸ್ತಕದಿಂದ ಇದು ತಿಳಿಯದು. ಗುರುವಿನ ಕೈಯನ್ನು ನೋಡಿಯೇ ತಿಳಿಯಬೇಕು.

ತಾಳದ ಕಲ್ಪನೆಯೂ ಅವನಿಗೆ ಹೊಸದು. ತೀನತಾಳಕ್ಕೆ 16 ಮಾತ್ರೆಗಳು. 1, 5, 13ನೆಯ ಮಾತ್ರೆಗಳಿಗೆ ಚಪ್ಪಾಳೆ, 9ನೆಯದು ಖಾಲಿ. ವಾದನದ ಮುಕ್ತಾಯವು 16ನೆಯ ಮಾತ್ರೆಯಲ್ಲಿ ಆಗದೆ, ಮುಂದಿನ ಆವರ್ತನದ ಮೊದಲ ಮಾತ್ರೆಯಾದ ‘ಸಮ’ದಲ್ಲಿ ಆಗುತ್ತದೆ. 5 ಮಾತ್ರೆಗಳ ಬೋಲುಗುಚ್ಛವೊಂದನ್ನು ನಡುವೆ ಒಂದೊಂದು ಮಾತ್ರೆಯ ಬಿಡುವು ಕೊಟ್ಟು ಮೂರು ಸಲ ನುಡಿಸಿದರೆ ಒಟ್ಟು 17 ಮಾತ್ರೆಗಳಾಗುತ್ತವೆ. ಸಮದಿಂದ ಹೊರಟ ಈ ತಿಹಾಯಿಯ ಕೊನೆಯ ಪೆಟ್ಟು ಮರಳಿ ಸಮಕ್ಕೇ ಬಂದು ಸೇರುತ್ತದೆ.

1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಜೇಮ್ಸ್ ಕಿಪ್ಪೆನ್ ಅವರು ಲಖನೌ ಘರಾಣೆಯ ಹಿರಿಯರಾದ ಉಸ್ತಾದ್ ಅಫಾಕ್ ಹುಸೇನ್ ಖಾನರಲ್ಲಿ ತಬಲಾ ಅಭ್ಯಾಸ ಮಾಡಿದರು. ಘರಾಣೆಗಳಲ್ಲಿ ರಚನೆಗಳೆಂದರೆ ಮನೆತನದ ಆಸ್ತಿ. ಹಿಂದೆ ಲಖನೌದ ಬಖ್ಶೂ ಖಾನರು ತಮ್ಮ ಅಳಿಯ ವಿಲಾಯತ್ ಅಲಿ ಖಾನರಿಗೆ ಗತ್ತುಗಳನ್ನೇ ಬಳುವಳಿಯಾಗಿ ಕೊಟ್ಟರೆಂಬ ಪ್ರತೀತಿಯಿದೆ. ಇಂಥ ಸಂಪತ್ತನ್ನು ಪರದೇಶದ ಶಿಷ್ಯನಿಗೆ ತೆರೆದುಕೊಡಬೇಕಾದರೆ ಗುರುವಿಗೆ ಅವನಲ್ಲಿ ವಿಶ್ವಾಸ ಹುಟ್ಟಬೇಕು.

ಕಿಪ್ಪೆನ್ ಅವರು ಫ್ರಾನ್ಸಿನ ಬರ್ನಾರ್ಡ್ ಬೆಲ್ ಅವರೊಡನೆ ಒಂದು ಅಪೂರ್ವ ಪ್ರಯೋಗವನ್ನೂ ನಡೆಸಿದರು. ಮೂಲ ಬೋಲುಗಳನ್ನು ಕ್ರಮಬದ್ಧವಾಗಿ ವಿಸ್ತರಿಸುವ ರಚನೆಗೆ ‘ಕಾಯದಾ’ ಎಂದು ಹೆಸರು. ಆ ಪದದ ಅರ್ಥವೇ ನಿಯಮ. ಅದರ ನಿಯಮಗಳನ್ನು ವ್ಯಾಕರಣದ ಸೂತ್ರಗಳಂತೆ ಗಣಕಯಂತ್ರಕ್ಕೆ ಅಳವಡಿಸಿದರು. ‘ಬೋಲ್ ಪ್ರೊಸೆಸರ್’ ಎಂಬ ಆ ವ್ಯವಸ್ಥೆಯು ಹೊಸ ವಿಸ್ತಾರಗಳನ್ನು ರಚಿಸುತ್ತಿತ್ತು. ಅವುಗಳ ಸರಿತಪ್ಪುಗಳನ್ನು ನಿರ್ಣಯಿಸುವವರು ನುರಿತ ವಾದಕರು. ಅವರು ಒಪ್ಪದಿದ್ದಲ್ಲಿ ಸೂತ್ರವನ್ನೇ ತಿದ್ದಲಾಗುತ್ತಿತ್ತು. ಪರಂಪರೆಯ ಕಿವಿಯಲ್ಲಿ ನೆಲೆಸಿದ್ದರೂ ಎಲ್ಲಿಯೂ ಬರೆಯದಿದ್ದ ನಿಯಮಗಳು ಹೀಗೆ ಒಂದೊಂದಾಗಿ ಬೆಳಕಿಗೆ ಬಂದವು.

ಲಖನೌದ ತಬಲಾ ಪರಂಪರೆಯನ್ನು ಕುರಿತ ಕಿಪ್ಪೆನ್ ಅವರ ಗ್ರಂಥವು 1988ರಲ್ಲಿ ಪ್ರಕಟವಾಯಿತು. 1990ರಲ್ಲಿ ಉಸ್ತಾದರು ನಿಧನರಾದರು. ಅವರ ಪುತ್ರ ಇಲ್ಮಾಸ್ ಹುಸೇನ್ ಖಾನರು ಮನೆತನದ ವಿದ್ಯೆಯನ್ನು ಮುಂದುವರಿಸಿದರು. ಗುರುವು ಹೇಳಿದುದನ್ನು ಗ್ರಂಥವು ಉಳಿಸಬಲ್ಲದು. ಅವನ ಕೈಯ ಹದವು ಶಿಷ್ಯನ ಕೈಯಲ್ಲಿ ಮಾತ್ರ ಉಳಿಯುತ್ತದೆ. ಪ್ರಶ್ನಿಸುವ ಬುದ್ಧಿ, ಎದುರು ಕುಳಿತು ಕಲಿಯುವ ತಾಳ್ಮೆ ಎರಡೂ ಕೂಡಿದಾಗಲೇ ವಿದ್ಯೆಯು ಮುಂದಿನ ತಲೆಮಾರನ್ನು ಮುಟ್ಟುವುದೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಮನಗಾಣಬಹುದು.