ಮಳೆನೆರಳಿನ ಬಡಾವಣೆಗೆ ಬಂದ ಸೋದರಸೊಸೆಗೆ

ಬೋಲ್ಡರ್, ಕೊಲರಾಡೊ

 

ಟೇಬಲ್ ಮೆಸಾ ಬಡಾವಣೆಯಲ್ಲಿ ನೀನೂ ನಿನ್ನ ಯಜಮಾನರೂ ಮನೆ ಕೊಂಡಿರೆಂಬ ವರ್ತಮಾನವನ್ನು ಕೇಳಿ ನನಗೂ ನಿನ್ನ ಅತ್ತೆಗೂ ಆದ ಸಂತೋಷ ಅಷ್ಟಿಷ್ಟಲ್ಲ. 1960ರ ದಶಕದಲ್ಲಿ ಎದ್ದ ಆ ತಗ್ಗು ಸೂರಿನ ಮನೆಗಳು, ಬೀದಿಯ ಎರಡು ಬದಿಗೂ ಬಲಿತು ನಿಂತ ಮರಗಳು, ಪಡುವಣ ದಿಕ್ಕಿಗೆ ಕಣ್ಣೆತ್ತಿದೊಡನೆ ಕಾಣುವ ಫ್ಲಾಟಯರನ್ ಶಿಲೆಗಳು, ಇವೆಲ್ಲ ಯಾರ ಮನಸ್ಸನ್ನಾದರೂ ಸೆಳೆಯತಕ್ಕವೇ ಸರಿ. ಈ ಊರಿನಲ್ಲಿ ಬಹುಕಾಲ ಸಂಸಾರ ಮಾಡಿದವನಾದ ನಾನು ಗೃಹಪ್ರವೇಶದ ಉಡುಗೊರೆಯೊಡನೆ ನಾಲ್ಕು ಹಿತವಚನಗಳನ್ನೂ ಕೊಡಬೇಕೆಂದು ಬಯಸಿ, ನಿನ್ನಂತೆಯೇ ಪರ್ವತದ ಮಗ್ಗುಲಿಗೆ ಬಂದು ನೆಲೆಯೂರುತ್ತಿರುವ ನಮ್ಮ ಕಡೆಯ ಇತರ ಮಕ್ಕಳಿಗೂ ಅವು ಉಪಯೋಗಕ್ಕೆ ಬಂದಾವೆಂಬ ಆಸೆಯಿಂದ, ಇದನ್ನು ಎಲ್ಲರೂ ಓದಬಹುದಾದ ಪತ್ರವಾಗಿ ಬರೆಯುತ್ತಿದ್ದೇನೆ.

ನಿನ್ನ ಅಡುಗೆಮನೆಯ ಕಿಟಕಿಯಿಂದ ಕಾಣುವ ಆ ಶಿಲೆಗಳ ನೋಟವನ್ನು ಕೇವಲ ಪ್ರಕೃತಿಯ ದಾನವೆಂದು ತಿಳಿಯಬೇಡ. ಸುಮಾರು 29 ಕೋಟಿ ವರ್ಷಗಳ ಹಳೆಯ ಮರಳುಗಲ್ಲನ್ನು ಎತ್ತಿ ಓರೆಯಾಗಿ ನಿಲ್ಲಿಸಿದ್ದು ಪ್ರಕೃತಿಯೇ ಹೌದು; ಆದರೆ ಆ ಕಲ್ಲಿಗೂ ನಿನ್ನ ಕಿಟಕಿಗೂ ನಡುವಣ ಇಳಿಜಾರಿನಲ್ಲಿ ಮನೆಗಳ ಮೇಲೆ ಮನೆಗಳು ಏಳದಂತೆ ತಡೆದದ್ದು ಮನುಷ್ಯರ ಸಂಕಲ್ಪ. ಊರು ಇನ್ನೂ ಸಣ್ಣದಾಗಿದ್ದ 1898ರಲ್ಲಿಯೇ ಇಲ್ಲಿಯ ಪುರಜನರು ಮತ ಕೊಟ್ಟು, ಸಾಲ ಮಾಡಿ, ಶಟಾಕ್ವಾ ಎಂಬ ವಿಹಾರಸ್ಥಳಕ್ಕೆಂದು ಬೆಟ್ಟದ ಬುಡದ ಭೂಮಿಯನ್ನು ಕೊಂಡರು. 1959ರಲ್ಲಿ ರಾಬರ್ಟ್ ಮೆಕ್ಕೆಲ್ವೀ, ಆಲ್ಬರ್ಟ್ ಬಾರ್ಟ್ಲೆಟ್ ಎಂಬ ಇಬ್ಬರು ಪ್ರಾಧ್ಯಾಪಕರು ಮುಂದಾಳುಗಳಾಗಿ, ಸಮುದ್ರಮಟ್ಟದಿಂದ 5,750 ಅಡಿ ಎತ್ತರದ ಆಸುಪಾಸಿನಲ್ಲಿ ನೀಲಿ ರೇಖೆಯೆಂಬುದೊಂದನ್ನು ಎಳೆದು, ಅದರಿಂದ ಮೇಲಕ್ಕೆ ಪುರಸಭೆಯ ನೀರು ಏರಕೂಡದೆಂದು ನಗರದ ಸನದಿನಲ್ಲಿಯೇ ಬರೆಸುವುದಕ್ಕೆ ಜನರನ್ನು ಒಪ್ಪಿಸಿದರು. ಅಲ್ಲಿ ಕಟ್ಟಕೂಡದೆಂದು ಅವರು ಯಾರನ್ನೂ ನಿರ್ಬಂಧಿಸಲಿಲ್ಲ. ನೀರಿಲ್ಲದೆಡೆಯಲ್ಲಿ ಸಂಸಾರ ಸಾಗದೆಂಬುದನ್ನು ಬಲ್ಲವರಾದ್ದರಿಂದ ನಲ್ಲಿಯನ್ನು ಮಾತ್ರ ತಡೆದರು. ಪರ್ವತವನ್ನು ಕಾಪಾಡುವುದಕ್ಕೆ ಇದಕ್ಕಿಂತ ಸರಳವಾದ, ಇದಕ್ಕಿಂತ ಸೌಮ್ಯವಾದ ಉಪಾಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. 1967ರಲ್ಲಿ ಅದೇ ಜನ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹಾಕಿಕೊಂಡು, ಅದರ ಒಂದು ಪಾಲಿನಿಂದ ಊರ ಸುತ್ತಣ ಬಯಲನ್ನು ಬಯಲಾಗಿಯೇ ಉಳಿಸಲೆಂದು ಕೊಳ್ಳತೊಡಗಿದರು. ಇಂತಹ ಕಾರ್ಯಕ್ಕೆ ತಾನಾಗಿಯೇ ತೆರಿಗೆ ಹಾಕಿಕೊಂಡ ನಗರ ಈ ದೇಶದಲ್ಲಿ ಇದೇ ಮೊದಲನೆಯದು. ಹಾಗೆ ಕೂಡುತ್ತ ಬಂದ ಭೂಮಿ ಇಂದು 45,000 ಎಕರೆಗೂ ಮಿಗಿಲಾಗಿದೆ. 1971ರಲ್ಲಿ ಯಾವ ಕಟ್ಟಡವೂ 55 ಅಡಿಗಿಂತ ಎತ್ತರಕ್ಕೆ ಏಳಬಾರದೆಂದರು. ಇವುಗಳಲ್ಲಿ ಒಂದನ್ನೂ ನೀನಾಗಲಿ ನಾನಾಗಲಿ ಮಾಡಲಿಲ್ಲ. ಅನ್ಯರ ಸಂಯಮದ ಫಲವನ್ನು ನಾವು ಉಣ್ಣುತ್ತಿದ್ದೇವೆಂಬ ಅರಿವು ಆ ಕಿಟಕಿಯ ಬಳಿ ನಿಂತಾಗಲೆಲ್ಲ ನಿನಗಿರಲಿ.

ನಮ್ಮವರ ಮನಸ್ಸಿನಲ್ಲಿ ಬೆಟ್ಟವೆಂದರೆ ಮಳೆ, ಮಳೆಯೆಂದರೆ ಹಸುರು. ಆ ಸಂಸ್ಕಾರ ಇಲ್ಲಿ ಕೆಲಸಕ್ಕೆ ಬಾರದು. ನಾವಿರುವುದು ರಾಕಿ ಪರ್ವತದ ಆಗುಂಬೆಯ ಮಗ್ಗುಲಲ್ಲಲ್ಲ, ಚಳ್ಳಕೆರೆಯ ಮಗ್ಗುಲಲ್ಲಿ. ಪೆಸಿಫಿಕ್ ಸಾಗರದ ಕಡೆಯಿಂದ ಬರುವ ಮೋಡಗಳು ತಮ್ಮ ಹೊರೆಯನ್ನು ಪಶ್ಚಿಮದ ಇಳಿಜಾರಿನಲ್ಲಿಯೇ ಇಳುಹಿ ಈಚೆಗೆ ಬರಿಗೈಯಲ್ಲಿ ದಾಟುತ್ತವೆ; ಕರಗಿದ ಹಿಮವೂ ಸೇರಿ ವರ್ಷಕ್ಕೆ 20 ಅಂಗುಲದಷ್ಟು ಬಿದ್ದರೆ ಅದೇ ಹೆಚ್ಚು, ಬೆಂಗಳೂರಿನ ಮಳೆಯ ಅರ್ಧಪಾಲು. ನಿನ್ನ ನಲ್ಲಿಯಲ್ಲಿ ಬರುವ ನೀರಿನಲ್ಲಿ ಒಂದು ಪಾಲು ಅರಪಾಹೊ ಶಿಖರಗಳ ಹಿಮ ಕರಗಿದ್ದು. ಮತ್ತೊಂದು ಪಾಲು ಪರ್ವತದ ಆಚೆಯ ಕೊಲರಾಡೊ ನದಿಯದು, 13 ಮೈಲಿ ಉದ್ದದ ಆಡಮ್ಸ್ ಸುರಂಗದೊಳಗಿಂದ ಹರಿದು ಈಚೆಗೆ ಬಂದದ್ದು. ಆ ಸುರಂಗದಲ್ಲಿ ಮೊದಲು ನೀರು ಹರಿದದ್ದು 1947ರಲ್ಲಿ. ಭದ್ರೆಯ ನೀರು ಅಜ್ಜಂಪುರದ ಸುರಂಗವನ್ನು ಹಾದು ಚಿತ್ರದುರ್ಗದ ಸೀಮೆಗೆ ಬರಬೇಕೆಂದು ನಮ್ಮ ಕಡೆಯ ಹಿರಿಯರು ಎಷ್ಟು ಹಂಬಲಿಸಿದರೆಂಬುದನ್ನು ಬಲ್ಲ ನಿನಗೆ, ಹೀಗೆ ಬೆಟ್ಟವನ್ನು ತೂರಿ ಬಂದ ನೀರಿನ ಬೆಲೆಯನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಆದಕಾರಣ ಮನೆಯ ಮುಂದಣ ಹುಲ್ಲುಹಾಸನ್ನು ಕುರಿತು ಮೊದಲು ಯೋಚಿಸು. ಹಿಂದಿನ ಮಾಲೀಕರು ಬೆಳೆಸಿದ ಕೆಂಟಕಿ ಬ್ಲೂಗ್ರಾಸ್ ಈ ನೆಲದ ಹುಲ್ಲಲ್ಲ. ಬೇಸಗೆಯುದ್ದಕ್ಕೂ ನೀರು ಕುಡಿಸಿದರೆ ಮಾತ್ರ ಹಸುರಾಗಿರುತ್ತದೆ. ಈ ಹುಲ್ಲುಗಾವಲಿನದೇ ಆದ ಬಫೆಲೊ ಹುಲ್ಲು, ಬ್ಲೂ ಗ್ರಾಮ ಮೊದಲಾದವು ಬೇಸಗೆಯ ತೀವ್ರತೆಯಲ್ಲಿ ಕಂದಿದರೂ ಬದುಕುತ್ತವೆ. ಕಂದಿದ ಅಂಗಳವನ್ನು ಕಂಡು ನೆರೆಯವರು ಏನೆಂದುಕೊಂಡಾರೋ ಎಂಬ ಸಂಕೋಚವನ್ನು ಬಿಡು. ಸೂರಿನ ನೀರನ್ನು ಪೀಪಾಯಿಯಲ್ಲಿ ಹಿಡಿಯಬೇಕೆಂದು ನಿನಗೆ ಖಂಡಿತ ಅನ್ನಿಸುತ್ತದೆ. ಆದರೆ 2016ರವರೆಗೆ ಈ ರಾಜ್ಯದಲ್ಲಿ ಹೆಚ್ಚಿನ ಮನೆಯವರು ಹಾಗೆ ಹಿಡಿಯುವುದಕ್ಕೆ ಕಾನೂನಿನ ಸಮ್ಮತಿಯೇ ಇರಲಿಲ್ಲ. ಈಗಲೂ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್, ಅಷ್ಟಕ್ಕೇ ಅನುಮತಿ. ಹೊಳೆಯ ನೀರನ್ನು ಯಾರು ಮೊದಲು ಬಳಕೆಗೆ ತಂದರೋ ಅವರ ಹಕ್ಕೇ ಮೊದಲು ಎಂಬುದು ಇಲ್ಲಿಯ ನ್ಯಾಯ. ನಿನ್ನ ಸೂರಿನಿಂದ ಇಳಿದ ಹನಿಯೂ ಕೆಳಗಡೆಯ ಯಾವನೋ ರೈತನ ಕಾಲುವೆಗೆ ಸೇರಬೇಕಾದದ್ದೆಂಬ ಎಣಿಕೆ ಅದರ ಹಿಂದಿದೆ. ನಮ್ಮವರು ಇದನ್ನು ಕೇಳಿ ನಗುವುದನ್ನು ನೋಡಿದ್ದೇನೆ. ನನಗಂತೂ ಅದು ನಗುವ ವಿಷಯವಾಗಿ ತೋರುವುದಿಲ್ಲ. ಹೊಳೆಯ ಕೆಳಗಡೆ ಮತ್ತೊಬ್ಬನಿದ್ದಾನೆಂಬುದನ್ನು ಮರೆಯಗೊಡದ ಕಾನೂನು ಎಷ್ಟು ಬಿಗಿಯಾಗಿದ್ದರೂ ಗೌರವಕ್ಕೆ ಪಾತ್ರವಾದುದೇ.

ನಿನ್ನ ಹಿತ್ತಿಲಿನ ಆಷ್ ಮರವನ್ನು ಈ ವಾರವೇ ಹತ್ತಿರ ನಿಂತು ಪರೀಕ್ಷಿಸು. ತೊಗಟೆಯ ಮೇಲೆ, ಒಂದು ಬದಿ ನೇರವಾಗಿ ಇನ್ನೊಂದು ಬದಿ ದುಂಡಗಾಗಿ, ಅರ್ಧಚಂದ್ರನನ್ನು ಹೋಲುವ, ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಅಗಲದ ತೂತುಗಳಿದ್ದರೆ, ಪೂರ್ವ ಏಷ್ಯದಿಂದ ಬಂದ ಹಸುರು ಕೊರಕ ದುಂಬಿ ಒಳಗೆ ಬೆಳೆದು ಹೊರಬಿದ್ದಿದೆಯೆಂದೇ ಅರ್ಥ. ಈ ಊರಿನಲ್ಲಿ ಅದು ಮೊದಲು ಕಂಡದ್ದು 2013ರಲ್ಲಿ. ಕಾಂಡಕ್ಕೆ ಔಷಧಿಯನ್ನು ಚುಚ್ಚಿ ಕೆಲವು ವರ್ಷಗಳಿಗೊಮ್ಮೆ ಉಪಚಾರ ಮಾಡಿಸಿದರೆ ಮರ ಉಳಿಯುವುದುಂಟು. ಅದು ಕೈಮೀರಿದ್ದರೆ, ಕಡಿಸುವ ಮುನ್ನವೇ ಪಕ್ಕದಲ್ಲೊಂದು ಓಕ್ ಸಸಿಯನ್ನು ನೆಡಿಸು. ಬಲಿತ ಬಡಾವಣೆಯ ನಿಜವಾದ ಸಂಪತ್ತು ಅದರ ನೆರಳು. ಅದನ್ನು ದುಡ್ಡು ಕೊಟ್ಟು ಒಂದೇ ದಿನದಲ್ಲಿ ತರುವಂತಿಲ್ಲ.

ಬೆಂಕಿಯ ವಿಷಯವನ್ನು ಬರೆಯುವಾಗ ನನ್ನ ಮನಸ್ಸು ಭಾರವಾಗುತ್ತದೆ. 2021ರ ಡಿಸೆಂಬರ್ 30ರಂದು, ನಿನ್ನ ಬಡಾವಣೆಗೆ ಕೆಲವೇ ಮೈಲಿಗಳ ದೂರದಲ್ಲಿ ಹೊತ್ತಿದ ಮಾರ್ಷಲ್ ಬೆಂಕಿ ಸುಪೀರಿಯರ್, ಲೂಯಿಸ್‌ವಿಲ್ ಊರುಗಳಲ್ಲಿಯೂ ಸುತ್ತಣ ಪ್ರದೇಶದಲ್ಲಿಯೂ ಸಾವಿರಕ್ಕೂ ಹೆಚ್ಚು ಮನೆಗಳನ್ನು ಒಂದು ಹಗಲು ರಾತ್ರಿಯಲ್ಲಿ ಬೂದಿ ಮಾಡಿತು. ಅದು ಕಾಡಿನ ನಡುವಣ ಮನೆಗಳಿಗೆ ಬಂದ ಆಪತ್ತಲ್ಲ. ನಿನ್ನ ಬೀದಿಯಂತಹ ಬೀದಿಗಳಿಗೆ ಬಂದದ್ದು. ಪರ್ವತದಿಂದ ಧುಮುಕುವ ಒಣಗಾಳಿ ಅಂದು ಗಂಟೆಗೆ ನೂರು ಮೈಲಿಯನ್ನೂ ಮೀರಿ ಬೀಸಿ, ಒಣಹುಲ್ಲಿನ ಕಿಡಿಗಳನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ದಿತು. ಮರುದಿನ ಅದೇ ಬೂದಿಯ ಮೇಲೆ ಹಿಮ ಬಿದ್ದಿತು. ಒಂದು ದಿನ ಮೊದಲು ಬಿದ್ದಿದ್ದರೆ ಎಂದು ಇಂದಿಗೂ ಜನ ಹಲುಬುತ್ತಾರೆ. ಗೋಡೆಗೆ ತಾಗಿ ಬೆಳೆದ ಜೂನಿಪರ್ ಪೊದೆಯನ್ನು, ಅದು ಎಷ್ಟು ಚೆಲುವಾಗಿದ್ದರೂ, ಬುಡಸಹಿತ ಕೀಳಿಸು. ಎಣ್ಣೆ ತುಂಬಿದ ಗಿಡ ಅದು. ಮನೆಯ ಸುತ್ತ ಐದು ಅಡಿಯೊಳಗೆ ಮರದ ಚಕ್ಕೆಯ ಹಾಸೂ ಬೇಡ, ಜಲ್ಲಿ ಹರಡಿಸು. ಸೂರಿನ ದೋಣಿಯಲ್ಲಿ ಕೂಡಿದ ಪೈನ್ ಸೂಜಿಗಳನ್ನು ಚಳಿಗಾಲಕ್ಕೆ ಮುನ್ನ ತೆಗೆಸು. ಮರದ ಬೇಲಿ ಗೋಡೆಯನ್ನು ಮುಟ್ಟುವ ಕಡೆಯಲ್ಲಿ ಕೊನೆಯ ತುಂಡನ್ನಾದರೂ ಲೋಹದ್ದಾಗಿ ಬದಲಿಸು, ಏಕೆಂದರೆ ಬೇಲಿಯೇ ಬೆಂಕಿಗೆ ದಾರಿಯಾಗುತ್ತದೆ. ಗಿಡವನ್ನು ಪ್ರೀತಿಸುವವರಿಗೆ ಗಿಡವನ್ನು ಕೀಳೆಂಬ ಮಾತು ಕಟುವಾಗಿ ಕೇಳಿಸುತ್ತದೆ; ಆದರೆ ನಿನ್ನೊಂದು ಮನೆ ಹೊತ್ತಿದರೆ ಅದರ ಜ್ವಾಲೆಗೆ ಎದುರು ನಿಲ್ಲುವುದು ಪಕ್ಕದ ಮನೆಯಲ್ಲವೆ?

ಕರಡಿಯ ವಿಚಾರ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಬ್ರಾಡ್‌ವೇ ರಸ್ತೆಯ ಪಡುವಣಕ್ಕೆ ಕಸದ ತೊಟ್ಟಿಗೆ ಕರಡಿ ತೆರೆಯಲಾಗದ ಚಿಲಕವಿರಬೇಕೆಂಬ ನಿಯಮ 2014ರಿಂದ ಇದೆ. ಕಸದ ರುಚಿ ಕಂಡ ಕರಡಿ ಮತ್ತೆ ಮತ್ತೆ ಬಂದು ಕೊನೆಗೆ ಗುಂಡಿಗೆ ಬಲಿಯಾಗುತ್ತದೆ. ಚಿಲಕವನ್ನು ಹಾಕದಿದ್ದ ಕೈಯೂ ಆ ಸಾವಿಗೆ ಭಾಗಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಈ ಊರಿನ ಸಂಯಮವನ್ನು ಮೇಲೆ ಮನಸಾರೆ ಹೊಗಳಿದೆ; ಆದರೆ ಆ ಸಂಯಮ ಭೂಮಿಯನ್ನು ಕುರಿತದ್ದಾಗಿ ಆರಂಭವಾಗಿ ಕ್ರಮೇಣ ಮನುಷ್ಯರನ್ನು ಕುರಿತದ್ದಾಗಿ ತಿರುಗಿತು. ಮನೆಗಳ ಸಂಖ್ಯೆ ವರ್ಷಕ್ಕೆ ಸುಮಾರು ಶೇ. 2ಕ್ಕಿಂತ ಹೆಚ್ಚು ಬೆಳೆಯಬಾರದೆಂಬ ಪಾಲ್ ಡ್ಯಾನಿಷ್ ಅವರ ಯೋಜನೆಯನ್ನು 1976ರಲ್ಲಿ ಜನ ಅಂಗೀಕರಿಸಿದರು. ಸುತ್ತ ಬಯಲಿನ ಬೇಲಿ, ಮೇಲೆ 55 ಅಡಿಯ ಮಿತಿ, ಒಳಗೆ ಮನೆಗಳಿಗೆ ಕಟ್ಟುಪಾಡು ಬಂದವು. ಉದ್ಯೋಗಗಳಿಗೆ ಮಾತ್ರ ಅಂತಹ ಮಿತಿಯೊಂದೂ ಇಲ್ಲದೆ ಅವು ಬೆಳೆಯುತ್ತಲೇ ಹೋದವು. ಫಲವೇನೆಂದರೆ, ಈ ಊರಿನ ಮಕ್ಕಳಿಗೆ ಪಾಠ ಹೇಳುವವರು, ರೋಗಿಗಳ ಶುಶ್ರೂಷೆ ಮಾಡುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಇಲ್ಲಿ ಮನೆ ಮಾಡಲಾರದೆ, ಲಾಂಗ್‌ಮಾಂಟ್ ಮುಂತಾದ ಊರುಗಳಿಂದ ಹತ್ತಾರು ಸಾವಿರ ಸಂಖ್ಯೆಯಲ್ಲಿ ದಿನವೂ ಬಂದು ಹೋಗುತ್ತಾರೆ. ಅವರ ವಾಹನಗಳು ಉಗುಳುವ ಹೊಗೆಯನ್ನು ಲೆಕ್ಕಕ್ಕೆ ಹಿಡಿಯದೆ, ನಮ್ಮ ಸೂರಿನ ಸೌರಫಲಕಗಳನ್ನೂ ಗೊಬ್ಬರದ ತೊಟ್ಟಿಯನ್ನೂ ಮಾತ್ರ ಎಣಿಸಿಕೊಂಡು, ನಾವು ಪರಿಸರವನ್ನು ರಕ್ಷಿಸುತ್ತಿದ್ದೇವೆಂದು ನಂಬುವುದು ಸತ್ಯಕ್ಕೆ ದೂರವಾದುದು.

2024ರಲ್ಲಿ ರಾಜ್ಯದ ಶಾಸನಸಭೆ, ರಕ್ತಸಂಬಂಧವಿಲ್ಲದವರು ಒಂದೇ ಮನೆಯಲ್ಲಿ ಇಂತಿಷ್ಟೇ ಮಂದಿ ಇರಬೇಕೆಂಬ ಊರೂರಿನ ನಿರ್ಬಂಧಗಳನ್ನು ತೊಡೆದುಹಾಕಿ, ಹಿತ್ತಿಲಿನಲ್ಲಿ ಚಿಕ್ಕದೊಂದು ಔಟ್‌ಹೌಸ್ ಕಟ್ಟಿಕೊಳ್ಳುವುದಕ್ಕೂ ದಾರಿಯನ್ನು ಸುಗಮಗೊಳಿಸಿತು. ನಿನ್ನ ಬೀದಿಯಲ್ಲಿ ಯಾರಾದರೂ ಅಂತಹದನ್ನು ಕಟ್ಟಹೊರಟಾಗ, ಅಥವಾ ಒಂಟಿಮನೆಯ ನಿವೇಶನದಲ್ಲಿ ಎರಡು ಮನೆ ಮಾಡುವೆನೆಂದಾಗ, ಬಡಾವಣೆಯ ಸ್ವರೂಪ ಕೆಡುತ್ತದೆಂದು ಸಹಿ ಸಂಗ್ರಹಿಸುವವರು ನಿನ್ನ ಬಾಗಿಲಿಗೂ ಬರುತ್ತಾರೆ. ಅವರು ಒಳ್ಳೆಯವರೇ, ಮರ ನೆಟ್ಟವರು, ಬಯಲು ಉಳಿಸಿದವರ ಮಕ್ಕಳು. ಅವರನ್ನು ಒಳಗೆ ಕರೆದು ಕಾಫಿ ಕೊಟ್ಟು ವಿನಯದಿಂದ ಮಾತನಾಡಿಸು, ಆದರೆ ಸಹಿ ಹಾಕಬೇಡ. ನಗರಸಭೆಯ ಮುಂದೆ ಆ ಅರ್ಜಿಯ ವಿಚಾರಣೆಯಿದ್ದರೆ ಅಂದು ಸಂಜೆ ಹೋಗಿ, ಆಸ್ಪತ್ರೆಯ ಪಾಳಿ ಮುಗಿಸಿದ ದಾದಿಯೊಬ್ಬಳು ರಾತ್ರಿ ಬಸ್ಸಿಗಾಗಿ ಕಾಯದೆ ನಡೆದೇ ಮನೆ ಸೇರುವಂತಾಗಲಿ ಎಂಬ ಕಾರಣವನ್ನು ಮುಂದಿಟ್ಟು, ಕಟ್ಟಲು ಬಿಡಿರೆಂದು ಸ್ಪಷ್ಟವಾಗಿ ಹೇಳು. ಒಬ್ಬಳೇ ಹೋಗಲು ನಿನಗೆ ಸಂಕೋಚವಾದರೆ ನನಗೆ ಫೋನು ಮಾಡು, ನಾನೂ ಬರುತ್ತೇನೆ.

ಇತಿ ಆಶೀರ್ವಾದಗಳು,
ನಿನ್ನ ಸೋದರಮಾವ